ಧ್ವನಿಗೂ ಒಂದು ಸೇರು ಬೇಕು

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ತಂತಿ, ಪ್ಲಗ್ಗು, ವೋಲ್ಟುಗಳ ವಿಷಯವಾಗಿ ಲೇಖನ ಬರೆಯಹೊರಟಿರುವುದನ್ನು ಕಂಡು ಗೆಳೆಯರು ನಗಬಹುದು, ಗುರುಗಳು ಹುಬ್ಬೇರಿಸಬಹುದು. ಕಂದಪದ್ಯದ ಮಾತ್ರೆಗಳನ್ನು ಎಣಿಸಬೇಕಾದ ಕೈಗೆ ವೋಲ್ಟುಗಳನ್ನು ಎಣಿಸುವ ಕೆಲಸವೇಕೆ ಎಂದು ಕೇಳಲೂಬಹುದು. ನನ್ನ ಪರವಾಗಿ ಒಬ್ಬ ಹಿರಿಯರನ್ನು ಸಾಕ್ಷಿಗೆ ಕರೆಯುತ್ತೇನೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಖಾಸಗಿ ಬಾನುಲಿ ಕೇಂದ್ರವನ್ನು ತೆರೆದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಎಂಜಿನಿಯರಲ್ಲ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅಲ್ಲಿ ಬಳಕೆಗೆ ಬಂದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ಮನಶ್ಶಾಸ್ತ್ರದವರು ಪ್ರಸಾರ ಕೇಂದ್ರವನ್ನೇ ನಡೆಸಬಹುದಾದರೆ, ಕನ್ನಡ ಐಚ್ಛಿಕದವರು ಒಂದು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಬಾರದೆ? ಹೀಗೆಂದುಕೊಂಡೇ ನಾನು ಕೆಲಸಕ್ಕೆ ಕೈಹಾಕಿದ್ದು. ಹಾಕಿ ಕೈ ಸುಟ್ಟುಕೊಂಡದ್ದರ ಕಥೆಯೇ ಈ ಲೇಖನ.

ನಮ್ಮ ಕನ್ನಡ ವಿಭಾಗದ ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ 14 ಕ್ಯಾಸೆಟ್ಟುಗಳಿವೆ. 1980ರ ದಶಕದಲ್ಲಿ ಇಲ್ಲಿ ಪಾಠ ಹೇಳುತ್ತಿದ್ದ ಅಧ್ಯಾಪಕರೊಬ್ಬರು ರಜೆಯ ದಿನಗಳಲ್ಲಿ ಸುತ್ತಲ ಹಳ್ಳಿಗಳಿಗೆ ಹೋಗಿ, ಸಣ್ಣದೊಂದು ಟೇಪ್ ರೆಕಾರ್ಡರನ್ನು ಜಗಲಿಯ ಮೇಲಿಟ್ಟು, ಹೆಂಗಸರ ಬೀಸುವ ಪದ, ಸೋಬಾನೆ ಪದಗಳನ್ನು ಧ್ವನಿಮುದ್ರಿಸಿ ತಂದವು ಇವು. ಅವನ್ನು ಕಂಪ್ಯೂಟರಿಗೆ ಇಳಿಸಿ ಉಳಿಸಬೇಕೆಂದು ವಿಭಾಗದಲ್ಲಿ ತೀರ್ಮಾನವಾದಾಗ ನಾನು ಮುಂದೆ ಬಂದೆ. ಪೆಟ್ಟಿಗೆಗಳ ಧೂಳು ಒರೆಸುತ್ತಿದ್ದ ದಿನ, ಆರನೆಯ ಕ್ಯಾಸೆಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ ಹೆಸರನ್ನು ಓದಿ ನನ್ನ ಸಹಪಾಠಿಯೊಬ್ಬಳು ಸುಮ್ಮನೆ ನಿಂತುಬಿಟ್ಟಳು. ಅದು ಅವಳ ಅಜ್ಜಿಯ ಹೆಸರು. ಅಜ್ಜಿ ತೀರಿಕೊಂಡಾಗ ಅವಳಿನ್ನೂ ಹುಟ್ಟಿರಲಿಲ್ಲ. ಮನೆಯಲ್ಲಿ ಅಜ್ಜಿಯದೊಂದು ಮಸುಕಾದ ಫೋಟೋ ಇದೆ. ದನಿ ಮಾತ್ರ ಎಲ್ಲಿಯೂ ಇಲ್ಲ. “ವಾರದೊಳಗೆ ಕೇಳಿಸುತ್ತೇನೆ” ಎಂದು ನಾನು ಧೈರ್ಯವಾಗಿ ಹೇಳಿದೆ. ಧೈರ್ಯಕ್ಕೆ ಕಾರಣ ಅಜ್ಞಾನವಲ್ಲದೆ ಬೇರೆಯಲ್ಲ.

ಈ ಕೆಲಸಕ್ಕೆ ಬೇಕಾದ ಮುಖ್ಯ ಸಲಕರಣೆಗೆ ಆಡಿಯೋ ಇಂಟರ್‌ಫೇಸ್ ಎಂದು ಹೆಸರು. ನೋಡಲು ಟಿಫನ್ ಡಬ್ಬಿಯಷ್ಟು ದೊಡ್ಡದು. ಮುಂದೆ ಎರಡು ತಿರುಗುಗುಂಡಿ, ಹಿಂದೆ ಮುಂದೆ ಕೆಲವು ತೂತುಗಳು, ಕಂಪ್ಯೂಟರಿಗೆ ಹೋಗುವ ಒಂದು ಯುಎಸ್‌ಬಿ ತಂತಿ. ಇದನ್ನು ದುಭಾಷಿ ಎಂದು ತಿಳಿದರೆ ಸಾಕು. ಕ್ಯಾಸೆಟ್ ಡೆಕ್ಕು, ಮೈಕು, ಸ್ಪೀಕರು ಇವೆಲ್ಲ ವೋಲ್ಟೇಜಿನ ಭಾಷೆಯವು. ಹಾಡಿನ ದನಿ ಏರಿಳಿದಂತೆ ತಂತಿಯಲ್ಲಿ ವಿದ್ಯುತ್ತೂ ಏರಿಳಿಯುತ್ತದೆ, ಇದೇ ಅನಲಾಗ್. ಕಂಪ್ಯೂಟರಿಗೆ ಅಂಕಿಯಲ್ಲದೆ ಬೇರೆ ಭಾಷೆ ತಿಳಿಯದು. ದುಭಾಷಿಯು ಆ ಏರಿಳಿತವನ್ನು ಸೆಕೆಂಡಿಗೆ 44,100 ಅಥವಾ 48,000 ಅಥವಾ 96,000 ಬಾರಿ ಅಳೆದು ಅಂಕಿ ಮಾಡಿ ಒಳಗೆ ಕಳುಹಿಸುತ್ತಾನೆ. ಅಂಕಿಯನ್ನು ಮತ್ತೆ ವೋಲ್ಟೇಜು ಮಾಡಿ ಹೊರಗೆ ಕಳುಹಿಸುತ್ತಾನೆ. ದುಭಾಷಿ ಎಷ್ಟೇ ಜಾಣನಾದರೂ ಅವನ ಕಿವಿಗೆ ಮಾತು ಸರಿಯಾಗಿ ಬೀಳುವಂತೆ ಮಾಡಬೇಕಾದವರು ನಾವು. ನಾನು ಎಡವಿದ್ದು ಅಲ್ಲಿಯೇ, ಒಂದಲ್ಲ ಎರಡು ಬಾರಿ.

ಮೊದಲನೆಯ ಎಡವಟ್ಟು ನಗೆಪಾಟಲಿನದು. ಬಸ್ ನಿಲ್ದಾಣದ ಹತ್ತಿರದ ಹಳೆಯ ಅಂಗಡಿಯಿಂದ ಎರವಲು ತಂದ ಡೆಕ್ಕಿನ ಮುಂಭಾಗದಲ್ಲಿ ಹೆಡ್‌ಫೋನಿನ ತೂತಿತ್ತು. ಇಂಟರ್‌ಫೇಸಿನಲ್ಲೂ ಅದೇ ಅಳತೆಯ, ಅಂದರೆ 6.35 ಮಿಲಿಮೀಟರಿನ ತೂತಿತ್ತು. ಎರಡು ತುದಿಗೂ ಒಂದೇ ಬಗೆಯ ಪ್ಲಗ್ಗಿರುವ ತಂತಿಯೂ ಸಿಕ್ಕಿತು. ಇನ್ನೇನು ಬೇಕು? ಪರೀಕ್ಷೆಗೆಂದು ಮೊದಲನೆಯ ಕ್ಯಾಸೆಟ್ಟನ್ನು ಹಾಕಿ ಕೇಳಿದರೆ, ಹಾಡುವವಳು ಮಾಯ! ಟೇಪಿನ ಸುಯ್ ಎಂಬ ಉಸಿರು, ನಡುನಡುವೆ ‘ಸ’ಕಾರ ‘ಶ’ಕಾರಗಳ ಸೀಟಿ, ಇಷ್ಟು ಬಿಟ್ಟರೆ ಮತ್ತೇನೂ ಇಲ್ಲ. ಡೆಕ್ಕಿಗೆ ಹೆಡ್‌ಫೋನು ಸಿಕ್ಕಿಸಿದರೆ ಹಾಡು ಸ್ಪಷ್ಟವಾಗಿ ಕೇಳುತ್ತದೆ, ಕಂಪ್ಯೂಟರಿನಲ್ಲಿ ಕೇಳುವುದಿಲ್ಲ. ದೆವ್ವದ ಕಥೆಗಳಲ್ಲಿ ನಂಬಿಕೆ ಹುಟ್ಟುವುದು ಇಂಥ ಸಂದರ್ಭಗಳಲ್ಲಿಯೇ ಇರಬೇಕು.

ದೆವ್ವವಿದ್ದದ್ದು ಪ್ಲಗ್ಗಿನಲ್ಲಿ. ಟೆಲಿಫೋನ್ ವಿನಿಮಯ ಕೇಂದ್ರಗಳ ಕಾಲದಿಂದ ಬಂದ ಈ ಪ್ಲಗ್ಗಿಗೆ ಮೂರು ಭಾಗ: ತುದಿ, ನಡುವಿನ ಉಂಗುರ, ಬುಡದ ಕವಚ. ಆದರೆ ಈ ಮೂರು ಭಾಗಗಳು ಎರಡು ಬೇರೆ ಬೇರೆ ಸಂಸಾರಗಳಿಗೆ ದುಡಿಯುತ್ತವೆ. ಹೆಡ್‌ಫೋನಿನ ಸಂಸಾರದಲ್ಲಿ ತುದಿಗೆ ಎಡಕಿವಿಯ ದನಿ, ಉಂಗುರಕ್ಕೆ ಬಲಕಿವಿಯ ದನಿ. ಸ್ಟುಡಿಯೋ ಸಂಸಾರದಲ್ಲಿ ಹಾಗಲ್ಲ. ಅಲ್ಲಿ ಒಂದೇ ದನಿಯನ್ನು ತುದಿಯ ಮೇಲೆ ನೆಟ್ಟಗೂ, ಉಂಗುರದ ಮೇಲೆ ತಲೆಕೆಳಗಾಗಿಯೂ ಕಳುಹಿಸುತ್ತಾರೆ. ತೆಗೆದುಕೊಳ್ಳುವ ಕಡೆಯ ಯಂತ್ರ ತುದಿಯಿಂದ ಉಂಗುರವನ್ನು ಕಳೆಯುತ್ತದೆ. ನೆಟ್ಟಗಿನದರಿಂದ ತಲೆಕೆಳಗಾದುದನ್ನು ಕಳೆದರೆ ದನಿ ಇಮ್ಮಡಿಯಾಗುತ್ತದೆ. ದಾರಿಯಲ್ಲಿ ವಿದ್ಯುತ್ ತಂತಿಗಳಿಂದಲೋ ಫ್ಯಾನಿನಿಂದಲೋ ಬಂದು ಸೇರಿದ ಗುಂಯ್‌ಗಾಟ ಎರಡು ತಂತಿಗಳ ಮೇಲೂ ಒಂದೇ ತೆರನಾಗಿರುತ್ತದೆ. ಕಳೆದಾಗ ಅದು ಸೊನ್ನೆಯಾಗುತ್ತದೆ. ಇದಕ್ಕೆ ಬ್ಯಾಲೆನ್ಸ್ಡ್ ಜೋಡಣೆ ಎಂದು ಹೆಸರು. ಉದ್ದುದ್ದ ತಂತಿಗಳನ್ನು ಎಳೆದರೂ ಸ್ಟುಡಿಯೋಗಳಲ್ಲಿ ಗದ್ದಲ ಸೇರದಿರುವುದು ಈ ಉಪಾಯದಿಂದ. ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಪ್ಲಗ್ಗಿನಲ್ಲೂ ಇದೇ ಏರ್ಪಾಡು: 1ನೆಯ ಕಡ್ಡಿ ಕವಚಕ್ಕೆ, 2ನೆಯದು ನೆಟ್ಟಗಿನ ದನಿಗೆ, 3ನೆಯದು ತಲೆಕೆಳಗಾದುದಕ್ಕೆ.

ನಾನು ಮಾಡಿದ್ದೇನು? ಹಳ್ಳಿಯ ಹಾಡನ್ನು ಒಂದೇ ಮೈಕಿನಿಂದ ಮುದ್ರಿಸಿದ್ದುದರಿಂದ ಎಡಬಲಗಳಲ್ಲಿ ಇದ್ದದ್ದು ಒಂದೇ ದನಿ. ಅದನ್ನು ಕಳೆಯುವ ಯಂತ್ರಕ್ಕೆ ಕೊಟ್ಟೆ. ಐದರಿಂದ ಐದನ್ನು ಕಳೆದರೆ ಉಳಿಯುವುದೆಷ್ಟು? ಹಾಡು ಸೊನ್ನೆಯಾಯಿತು. ಟೇಪಿನ ಸುಯ್‌ಗಾಟ ಎರಡು ಕಡೆಗೂ ಬೇರೆ ಬೇರೆಯಾಗಿದ್ದುದರಿಂದ ಅದು ಮಾತ್ರ ಉಳಿಯಿತು. ಪ್ಲಗ್ಗು ತೂತಿಗೆ ಹೊಂದಿತು ಎಂದ ಮಾತ್ರಕ್ಕೆ ಸಂಬಂಧ ಹೊಂದಿತು ಎಂದು ತಿಳಿಯಬಾರದು ಎಂಬ ಮೊದಲ ಪಾಠವನ್ನು ಕಲಿತೆ. ಸರಿಯಾದ ಮಾರ್ಗ ಸುಲಭವಾದುದೇ. ಡೆಕ್ಕಿನ ಹಿಂಭಾಗದಲ್ಲಿ ಲೈನ್ ಔಟ್ ಎಂಬ ಎರಡು ಆರ್‌ಸಿಎ ತೂತುಗಳಿರುತ್ತವೆ, ಒಂದು ಕೆಂಪು, ಒಂದು ಬಿಳಿ. ಅವೆರಡರಿಂದ ಎರಡು ಪ್ರತ್ಯೇಕ ತಂತಿಗಳನ್ನು ತಂದು, ಉಂಗುರವಿಲ್ಲದ ಎರಡು ಭಾಗದ ಪ್ಲಗ್ಗುಗಳ ಮೂಲಕ ಇಂಟರ್‌ಫೇಸಿನ ಎರಡು ಲೈನ್ ಇನ್‌ಪುಟ್ಟುಗಳಿಗೆ ಕೊಡಬೇಕು. ಆಗ ಉಂಗುರದ ಜಾಗ ತಾನಾಗಿಯೇ ಕವಚಕ್ಕೆ ತಗಲುತ್ತದೆ. ಯಂತ್ರ ದನಿಯಿಂದ ಸೊನ್ನೆಯನ್ನು ಕಳೆಯುತ್ತದೆ. ದನಿ ಹಾಗೆಯೇ ಉಳಿಯುತ್ತದೆ.

ಈ ಸುಲಭಮಾರ್ಗವನ್ನು ನಾನು ಆಗಲೇ ಹಿಡಿದಿದ್ದರೆ ಎರಡನೆಯ ಎಡವಟ್ಟು ನಡೆಯುತ್ತಿರಲಿಲ್ಲ. ಅದು ನಗುವ ಸಂಗತಿಯಲ್ಲ.

ಮೂರು ಕಡ್ಡಿಯ ಪ್ಲಗ್ಗೇ ಶ್ರೇಷ್ಠವೆಂಬ ಹೊಸ ಜ್ಞಾನದ ಅಮಲಿನಲ್ಲಿ, ಒಂದು ತುದಿಗೆ ಆರ್‌ಸಿಎ, ಇನ್ನೊಂದು ತುದಿಗೆ ಎಕ್ಸ್‌ಎಲ್‌ಆರ್ ಇರುವ ತಂತಿಗಳನ್ನು ಕೊಂಡು ತಂದೆ. ನಮ್ಮ ಇಂಟರ್‌ಫೇಸಿನಂಥವುಗಳಲ್ಲಿ ಒಂದೇ ತೂತಿಗೆ ಎರಡು ಮುಖವಿರುತ್ತದೆ: ನಡುವಿನ ದೊಡ್ಡ ರಂಧ್ರ ಲೈನಿಗೆ, ಸುತ್ತಲ ಮೂರು ಸಣ್ಣ ರಂಧ್ರಗಳು ಮೈಕಿಗೆ. ಎಕ್ಸ್‌ಎಲ್‌ಆರ್ ಸಿಕ್ಕಿಸಿದಾಗ ನಾನು ಹೊಕ್ಕದ್ದು ಮೈಕಿನ ಬಾಗಿಲನ್ನು. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟು. ಆದುದರಿಂದ ಆ ಬಾಗಿಲಿನಲ್ಲಿ ದನಿಯನ್ನು ಹತ್ತಾರು, ನೂರಾರು ಪಟ್ಟು ಹಿಗ್ಗಿಸುವ ಏರ್ಪಾಡಿದೆ. ಡೆಕ್ಕಿನಿಂದ ಬರುವುದೋ ವೋಲ್ಟಿನ ಮೂರನೆಯ ಒಂದು ಭಾಗದಷ್ಟು, ಅಂದರೆ ಮೈಕಿನ ನೂರು ಪಟ್ಟು. ಪಿಸುಮಾತಿಗೆಂದು ಬಾಗಿಲಿಗೆ ಕಿವಿಯಾನಿಸಿ ಕುಳಿತವನ ಕಿವಿಯಲ್ಲಿ ತಮಟೆ ಬಾರಿಸಿದಂತಾಯಿತು. ತಿರುಗುಗುಂಡಿ ಹಿಂದಿನ ದಿನ ಯಾರೋ ಕವಿತೆ ಓದಿದಾಗ ನಡುಮಧ್ಯದಲ್ಲಿ ನಿಂತದ್ದು ಹಾಗೆಯೇ ಇತ್ತು. ಮೈಕುಗಳಿಗೆ 48 ವೋಲ್ಟನ್ನು ಹಿಮ್ಮುಖವಾಗಿ ಕಳುಹಿಸುವ ಗುಂಡಿಯೊಂದು ಪಕ್ಕದಲ್ಲಿಯೇ ಇದೆ; ಅದನ್ನು ಒತ್ತಿದ್ದರೆ ಎರವಲು ಡೆಕ್ಕಿಗೂ ಅಪಾಯವಾಗುತ್ತಿತ್ತು. ಪುಣ್ಯಕ್ಕೆ ಒತ್ತಿರಲಿಲ್ಲ.

ಕಂಪ್ಯೂಟರಿನ ಪರದೆಯ ಮೇಲೆ ಮೀಟರು ಕೆಂಪಾಗುತ್ತಿತ್ತು. ನಾನು ಪರದೆಯ ಮೇಲಿನ ಜಾರುಗುಂಡಿಯನ್ನು ಕೆಳಕ್ಕೆ ಎಳೆದೆ, ಮೀಟರು ಹಸಿರಾಯಿತು. ನೆಮ್ಮದಿಯಿಂದ ಆರನೆಯ ಕ್ಯಾಸೆಟ್ಟಿನ ಒಂದು ಮಗ್ಗುಲು, 30 ನಿಮಿಷ, ಪೂರ್ತಿ ಇಳಿಸಿದೆ. ಸಂಜೆ ಕೇಳಿದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಅಜ್ಜಿ ದನಿ ಎತ್ತಿದಲ್ಲೆಲ್ಲ ಹರಕು ಬಟ್ಟೆ ಸೀಳಿದಂಥ ಶಬ್ದ. ಪರದೆಯ ಜಾರುಗುಂಡಿ ಕೆಲಸ ಮಾಡುವುದು ಅಂಕಿಯಾದ ಮೇಲೆ. ಅಂಕಿಯಾಗುವ ಮುನ್ನವೇ ದನಿಯ ಅಲೆಗಳ ತಲೆ ಹಾರಿಹೋಗಿತ್ತು. ತಲೆ ಹೋದ ಅಲೆಯನ್ನು ಕುಗ್ಗಿಸಿ ಹಸಿರು ತೋರಿಸಿದರೆ ತಲೆ ಮರಳುವುದೆ? ಉಕ್ಕಿ ಒಲೆಗೆ ಸುರಿದ ಹಾಲು, ಪಾತ್ರೆ ಬದಲಾಯಿಸಿದರೆ ಬರುವುದಿಲ್ಲ. ಹೀಗೆ ಕತ್ತರಿಸಿಹೋದುದನ್ನು ಜೋಡಿಸುವ ತಂತ್ರಾಂಶಗಳು ಇವೆಯಾದರೂ ಅವು ಮಾಡುವುದು ಊಹೆಯನ್ನು. ಹೋದದ್ದನ್ನು ತರುವ ಶಕ್ತಿ ಅವಕ್ಕಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಇಳಿಸೋಣವೆಂದು ಅದೇ ಮಗ್ಗುಲನ್ನು ಹಾಕಿದೆ. ಡೆಕ್ಕಿನ ರಬ್ಬರ್ ಗಾಲಿಯನ್ನು ನಾನು ಒರೆಸಿರಲಿಲ್ಲ. ಜಿಡ್ಡುಗಟ್ಟಿದ ಆ ಗಾಲಿ ಟೇಪನ್ನು ಸುತ್ತಿಕೊಂಡು ನುಂಗಿತು. ಬಿಡಿಸಿ ತೆಗೆಯುವಷ್ಟರಲ್ಲಿ ಮೊದಲ ಹಾಡಿನ ಭಾಗ ಮುದುಡಿ ತುಂಡಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯ ಅರ್ಥ ಪರೀಕ್ಷೆಗೆ ಬರೆದಾಗ ತಿಳಿದಿರಲಿಲ್ಲ, ಅಂದು ತಿಳಿಯಿತು. ಗೆಳತಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಬೈಯಲಿಲ್ಲ. “ಉಳಿದದ್ದನ್ನು ಅವಸರ ಮಾಡಬೇಡ” ಎಂದಳು, ಅಷ್ಟೆ. ಆ ಮೇಲೆ ಎರಡು ತಿಂಗಳು ನಾನು ಕ್ಯಾಸೆಟ್ಟುಗಳನ್ನು ಮುಟ್ಟದೆ ಅಳತೆಯನ್ನು ಕಲಿತೆ.

ಅಳತೆಯ ವಿಷಯದಲ್ಲಿ ಮೊದಲು ಕಂಗೆಡಿಸುವುದು ಡೆಸಿಬೆಲ್. ಇದು ಸೇರು, ಮೊಳಗಳಂತೆ ಸ್ವತಂತ್ರವಾದ ಅಳತೆಯಲ್ಲ. ಒಂದು ಇನ್ನೊಂದರ ಎಷ್ಟು ಪಟ್ಟು ಎಂದು ಹೇಳುವ ಲೆಕ್ಕ. ವೋಲ್ಟೇಜು ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್ ಏರಿತು ಎನ್ನುತ್ತಾರೆ. ಹತ್ತು ಪಟ್ಟಾದರೆ 20. ‘ಎಷ್ಟು ಪಟ್ಟು’ ಎಂದೊಡನೆ ‘ಯಾವುದರ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಎಲ್ಲ ತೊಡಕೂ ಇಲ್ಲಿದೆ, ಏಕೆಂದರೆ ಉತ್ತರಗಳು ಹಲವು.

ಟೆಲಿಫೋನಿನವರ ಹಳೆಯ ಲೆಕ್ಕದಲ್ಲಿ 600 ಓಮ್‌ನ ಹೊರೆಗೆ ಒಂದು ಮಿಲಿವಾಟ್ ಕೊಡುವ ವೋಲ್ಟೇಜು 0.775. ಅದನ್ನು ಸೊನ್ನೆ ಎಂದಿಟ್ಟುಕೊಂಡರೆ ಆ ಅಳತೆ ಡಿಬಿಯು. ಸ್ಟುಡಿಯೋ ಯಂತ್ರಗಳ ಸಾಮಾನ್ಯ ಮಟ್ಟ +4 ಡಿಬಿಯು, ಅಂದರೆ 1.228 ವೋಲ್ಟ್. ಮನೆಬಳಕೆಯ ಡೆಕ್ಕು, ಆಂಪ್ಲಿಫೈಯರುಗಳವರು ಒಂದು ವೋಲ್ಟನ್ನೇ ಸೊನ್ನೆಯಾಗಿಟ್ಟುಕೊಂಡರು, ಅದು ಡಿಬಿವಿ. ಅವುಗಳ ಸಾಮಾನ್ಯ ಮಟ್ಟ −10 ಡಿಬಿವಿ, ಅಂದರೆ 0.316 ವೋಲ್ಟ್. +4ಕ್ಕೂ −10ಕ್ಕೂ ಅಂತರ 14 ಎಂದು ಲೆಕ್ಕ ಹಾಕಿದವರು ನನ್ನಂತೆ ಜಾರಿದರೆಂದೇ ತಿಳಿಯಿರಿ. ಸೊನ್ನೆಗಳೇ ಬೇರೆಯಾದುದರಿಂದ ನಿಜವಾದ ಅಂತರ ಸುಮಾರು 11.8 ಡೆಸಿಬೆಲ್, ವೋಲ್ಟೇಜಿನಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು. ಇನ್ನು 1939ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ವಿಯು ಮೀಟರಿನ ಮುಳ್ಳಿಗೆ ತನ್ನದೇ ಒಂದು ಸೊನ್ನೆ. ಸ್ಟುಡಿಯೋಗಳಲ್ಲಿ ಅದನ್ನು ಸಾಮಾನ್ಯವಾಗಿ +4 ಡಿಬಿಯುಗೆ ಹೊಂದಿಸುತ್ತಾರೆ. ಆ ಸೊನ್ನೆಯ ಮೇಲೂ ಜಾಗವಿದೆ. ಕೊನೆಯದಾಗಿ ಕಂಪ್ಯೂಟರಿನ ಸೊನ್ನೆ, ಡಿಬಿಎಫ್‌ಎಸ್. ಇದು ಸೂರು. ಇದರ ಮೇಲೆ ಅಂಕಿಯೇ ಇಲ್ಲ. ಉಳಿದದ್ದೆಲ್ಲ ಋಣಚಿಹ್ನೆಯಲ್ಲಿ ಸೂರಿನಿಂದ ಕೆಳಕ್ಕೆ ಎಣಿಸುವುದು.

ಸೂರು ಎಷ್ಟು ವೋಲ್ಟಿನ ಎತ್ತರದಲ್ಲಿದೆ? ಅದು ಯಂತ್ರದಿಂದ ಯಂತ್ರಕ್ಕೆ ಬೇರೆ. ಯೂರೋಪಿನ ಪ್ರಸಾರ ಒಕ್ಕೂಟದ ಶಿಫಾರಸಿನಂತೆ 0 ಡಿಬಿಯು ಎಂದರೆ −18 ಡಿಬಿಎಫ್‌ಎಸ್. ಸೂರು +18 ಡಿಬಿಯುನಲ್ಲಿದೆ. ಅಮೆರಿಕದ ಚಲನಚಿತ್ರ ಮತ್ತು ಟೆಲಿವಿಷನ್ ಎಂಜಿನಿಯರುಗಳ ಸಂಘದ ಪದ್ಧತಿಯಲ್ಲಿ +4 ಡಿಬಿಯು ಎಂದರೆ −20, ಸೂರು +24ರಲ್ಲಿದೆ. ಜರ್ಮನಿಯ ಆರ್‌ಎಂಇ ಸಂಸ್ಥೆಯ ಫೈರ್‌ಫೇಸ್ ಯುಸಿ ಎಂಬ ಒಂದೇ ಯಂತ್ರದ ಲೈನ್ ಇನ್‌ಪುಟ್ಟಿಗೆ ಮೂರು ಆಯ್ಕೆಗಳಿವೆ. ಒಂದರಲ್ಲಿ ಸೂರು +19 ಡಿಬಿಯು, ಇನ್ನೊಂದರಲ್ಲಿ +13 ಡಿಬಿಯು, ಮತ್ತೊಂದರಲ್ಲಿ +2 ಡಿಬಿವಿ. ಗಮನಿಸಿ: ಎರಡನೆಯ ಆಯ್ಕೆಗೆ ‘+4 ಡಿಬಿಯು’ ಎಂದೇ ಹೆಸರು. ಸೂರು +4ರಲ್ಲಿದೆ ಎಂದು ಅದರ ಅರ್ಥವಲ್ಲ. +4ರ ಯಂತ್ರವನ್ನು ಜೋಡಿಸಿದರೆ ತಲೆಯ ಮೇಲೆ 9 ಡೆಸಿಬೆಲ್ ಜಾಗ ಉಳಿಯುತ್ತದೆ ಎಂದರ್ಥ.

ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ. ಕಚ್ಚಾ ಸೇರು, ಪಕ್ಕಾ ಸೇರು, ಈ ಸಂತೆಯ ಸೇರು, ಆ ಸಂತೆಯ ಸೇರು ಎಂದು ಒಂದೇ ಹೆಸರಿನ ಹಲವು ಅಳತೆಗಳ ನಡುವೆ ಬಾಳಿದವರು ಅವರು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೇಲೆ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಬಂದು ಆ ಗೊಂದಲ ತೀರಿತು. ಅದಕ್ಕೆ ಮುಂಚೆ “ಎರಡು ಸೇರು ರಾಗಿ” ಎಂದೊಡನೆ “ಯಾವ ಸೇರು?” ಎಂದು ಕೇಳದವನು ಮೋಸಹೋಗುತ್ತಿದ್ದ. ಧ್ವನಿಯ ಸಂತೆಯಲ್ಲಿ ಆ ಪ್ರಶ್ನೆ ಇಂದಿಗೂ ಇದೆ. ಮೀಟರು ತೋರಿಸುವ ಅಂಕಿ ಯಾವ ಸೇರಿನದು ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದೇ ಕ್ಯಾಲಿಬ್ರೇಷನ್. ಈ ಲೇಖನದಲ್ಲಿ ನಾನು ಹೇಳಬೇಕಾದ ಮಾತು ಇದೊಂದೇ.

ಗೊತ್ತುಮಾಡಿಕೊಳ್ಳಲು ವೋಲ್ಟೇಜನ್ನು ಅಳೆಯುವ ಮಲ್ಟಿಮೀಟರು ಬೇಕು. ಎಲೆಕ್ಟ್ರಿಷಿಯನ್ ಒಬ್ಬರಿಂದ ತಂದ ಮೀಟರಿನಲ್ಲಿ ಎ.ಸಿ. ಅಳತೆಯ ಅತಿ ಸಣ್ಣ ಮನೆಯೇ 200 ವೋಲ್ಟು. ಮೂಟೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದಂತಾಯಿತು. ಕೊನೆಗೆ ಪಕ್ಕದ ವಿಜ್ಞಾನ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರ ಬಳಿಗೆ ಹೋದೆ. ಅವರು 2 ವೋಲ್ಟಿನ ಮನೆಯಿರುವ ಮೀಟರನ್ನು ಕೊಟ್ಟು, ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಸಾಧಾರಣ ಮಲ್ಟಿಮೀಟರುಗಳನ್ನು 50 ಹರ್ಟ್ಸ್‌ನ ಮನೆವಿದ್ಯುತ್ತಿಗಾಗಿ ಮಾಡಿರುತ್ತಾರೆ. ಅನೇಕವು 400 ಹರ್ಟ್ಸ್ ದಾಟಿದರೆ ಸುಳ್ಳು ಹೇಳುತ್ತವೆ. ಸ್ಟುಡಿಯೋಗಳ ರೂಢಿ 1000 ಹರ್ಟ್ಸ್‌ನ ಸ್ವರವಾದರೂ, ಆದುದರಿಂದ ನಾನು 300 ಹರ್ಟ್ಸ್ ಆರಿಸಿಕೊಂಡೆ.

ಮೊದಲು ಔಟ್‌ಪುಟ್ಟಿನ ಸರದಿ. ಯಂತ್ರವನ್ನು ಅರ್ಧ ಗಂಟೆ ಹಾಗೆಯೇ ಬಿಟ್ಟು ಬಿಸಿಯಾಗಗೊಟ್ಟೆ. ಸ್ಪೀಕರುಗಳನ್ನು ಆರಿಸಿದೆ, ಪರದೆಯ ಮೇಲಿನ ಎಲ್ಲ ಜಾರುಗುಂಡಿಗಳನ್ನೂ ಸೊನ್ನೆಗೆ ತಂದೆ, ಹೊರಹೋಗುವ ದನಿಯ ತಿರುಗುಗುಂಡಿಯನ್ನು ಪೂರ್ತಿ ತೆರೆದೆ. ಆಮೇಲೆ ಕಂಪ್ಯೂಟರಿನಿಂದ −20 ಡಿಬಿಎಫ್‌ಎಸ್ ಮಟ್ಟದ ಸ್ವರವನ್ನು ನುಡಿಸಿದೆ. ಮೀಟರಿನ ಒಂದು ಕಡ್ಡಿ ಪ್ಲಗ್ಗಿನ ತುದಿಗೆ, ಇನ್ನೊಂದು ಬುಡದ ಕವಚಕ್ಕೆ. ಬಂದದ್ದು 0.245 ವೋಲ್ಟ್. ಅಧ್ಯಾಪಕರು ನಕ್ಕು, “ಅರ್ಧ ದನಿಯನ್ನು ಅಳೆದೆ, ಇನ್ನರ್ಧ ಉಂಗುರದ ಮೇಲಿದೆ” ಎಂದರು. ತುದಿಗೂ ಉಂಗುರಕ್ಕೂ ಹಿಡಿದಾಗ 0.49 ಬಂತು. ಎರಡು ತಂತಿಗೂ ದನಿಯನ್ನು ಸಮನಾಗಿ ಹಂಚುವ ಔಟ್‌ಪುಟ್ಟುಗಳಲ್ಲಿ ಹೀಗಾಗುತ್ತದೆ. ಕೆಲವು ಯಂತ್ರಗಳಲ್ಲಿ ಇಡೀ ದನಿ ತುದಿಯ ಮೇಲೆಯೇ ಇರುತ್ತದೆ. ಬಲಗಡೆಯ ಔಟ್‌ಪುಟ್ಟು 0.48 ತೋರಿಸಿತು. ವ್ಯತ್ಯಾಸ 0.2 ಡೆಸಿಬೆಲ್‌ಗಿಂತ ಕಡಿಮೆ, ಚಿಂತೆಯಿಲ್ಲ.

ಈಗ ಲೆಕ್ಕ ಸುಲಭ. −20ರಿಂದ ಸೊನ್ನೆಗೆ ಏರಿದರೆ ಹತ್ತು ಪಟ್ಟು, ಅಂದರೆ 4.9 ವೋಲ್ಟ್. ಅದು 0.775ರ ಸುಮಾರು 6.3 ಪಟ್ಟು, ಎಂದರೆ 16 ಡೆಸಿಬೆಲ್. ನಮ್ಮ ಇಂಟರ್‌ಫೇಸಿನ ಔಟ್‌ಪುಟ್ಟಿನ ಸೂರು +16 ಡಿಬಿಯು ಎಂದು ಗೊತ್ತಾಯಿತು. ಕೆಲವು ತಂತ್ರಾಂಶಗಳ ಮೀಟರು ಇದೇ ಸ್ವರವನ್ನು −23 ಎಂದು ತೋರಿಸುವುದುಂಟು. ಅವು ಅಲೆಯ ತುದಿಯ ಬದಲು ಸರಾಸರಿಯ ಬಲವನ್ನು ಲೆಕ್ಕಹಾಕುತ್ತವೆ. ಗಾಬರಿಯಾಗದೆ ತುದಿಯನ್ನು ತೋರಿಸುವ ಮೀಟರನ್ನು ಆರಿಸಿಕೊಳ್ಳಬೇಕು.

ಬಳಿಕ ಇನ್‌ಪುಟ್ಟು. ಅಳತೆ ಗೊತ್ತಾದ ಔಟ್‌ಪುಟ್ಟನ್ನು ಮೂರು ಭಾಗದ ಪ್ಲಗ್ಗಿನ ತಂತಿಯಿಂದ ಅದೇ ಯಂತ್ರದ ಲೈನ್ ಇನ್‌ಪುಟ್ಟಿಗೆ ಸುತ್ತಿಸಿ ತಂದೆ. ಒಳಬಂದ ದನಿ ಹೊರಗಿನ ಸ್ಪೀಕರಿಗೂ ಮತ್ತೆ ಒಳಕ್ಕೂ ಸುತ್ತದಂತೆ ಪರದೆಯಲ್ಲಿ ಆ ದಾರಿಯನ್ನು ಮುಚ್ಚಿರಬೇಕು. ಇಲ್ಲವಾದರೆ ಯಂತ್ರ ಊಳಿಡುತ್ತದೆ. ಹೊರಗೆ −20 ಹೋದದ್ದು ಒಳಗೂ −20 ಆಗಿ ಬರುವವರೆಗೆ ತಿರುಗುಗುಂಡಿಯನ್ನು ಸರಿಪಡಿಸಿದೆ. ಈಗ ಒಳಬಾಗಿಲಿಗೂ ಹೊರಬಾಗಿಲಿಗೂ ಒಂದೇ ಸೇರು. ಎಡಬಲಗಳೆರಡನ್ನೂ ಹೀಗೆಯೇ ಸಮಮಾಡಿ, ಗುಂಡಿ ನಿಂತ ಜಾಗದಲ್ಲಿ ಗೆಳತಿಯಿಂದ ಬೇಡಿ ತಂದ ಉಗುರುಬಣ್ಣದ ಒಂದು ಚುಕ್ಕೆ ಇಟ್ಟೆ. ನೀವು ವಿಭಾಗಕ್ಕೆ ಬಂದರೆ ಆ ಕೆಂಪು ಚುಕ್ಕೆಯನ್ನು ಈಗಲೂ ನೋಡಬಹುದು.

ಈ ಸೇರಿನಿಂದ ಕ್ಯಾಸೆಟ್ ಡೆಕ್ಕನ್ನು ಅಳೆದರೆ ಏನಾಗುತ್ತದೆ? ಅದರ ಸಾಮಾನ್ಯ ಮಟ್ಟವಾದ 0.316 ವೋಲ್ಟ್ ನಮ್ಮ ಪರದೆಯ ಮೇಲೆ ಸುಮಾರು −24 ಆಗಿ ಕಾಣುತ್ತದೆ. ಹಾಡುವವರು ದನಿ ಎತ್ತಿದಾಗ ಇನ್ನೂ 10–12 ಡೆಸಿಬೆಲ್ ಏರಿದರೂ ಸೂರಿಗೆ ತಲೆ ತಗಲುವುದಿಲ್ಲ. ಇಷ್ಟು ಕೆಳಮಟ್ಟದಲ್ಲಿ ಮುದ್ರಿಸಿದರೆ ದನಿ ಸೊರಗದೆ ಎಂದು ಕೆಲವರು ಕೇಳಿದರು. 16 ಬಿಟ್ಟಿನ ಕಾಲದಲ್ಲಿ ಆ ಭಯಕ್ಕೆ ಸ್ವಲ್ಪ ಅರ್ಥವಿತ್ತು. ಆಗ ಸೂರಿಗೂ ನೆಲಕ್ಕೂ ಇದ್ದ ಅಂತರ ಸುಮಾರು 96 ಡೆಸಿಬೆಲ್. 24 ಬಿಟ್ಟಿನ ಲೆಕ್ಕದಲ್ಲಿ ಅದು 144. ಒಳ್ಳೆಯ ಯಂತ್ರಗಳಲ್ಲಿ ನಿಜವಾಗಿ ಸಿಗುವುದು 110ರಿಂದ 120. ಕ್ಯಾಸೆಟ್ಟಿನಲ್ಲೋ ಹಾಡಿಗೂ ಸುಯ್‌ಗಾಟಕ್ಕೂ ಇರುವ ಅಂತರವೇ ಸುಮಾರು 50ರಿಂದ 55. ಆದುದರಿಂದ ತಲೆಯ ಮೇಲೆ ಧಾರಾಳವಾಗಿ ಜಾಗ ಬಿಟ್ಟರೂ ಕಳೆದುಕೊಳ್ಳುವುದು ಏನೂ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಹಾಸಿಗೆ ಬಹಳ ಉದ್ದವಾಗಿದೆ. ಗೋಡೆಗೆ ತಲೆ ತಾಗಿಸಿಕೊಂಡು ಮಲಗುವ ದುರ್ದೈವ ನಮಗೇಕೆ?

ಇನ್ನೆರಡು ಮಾತು ಹೇಳಬೇಕು. ಮೊದಲನೆಯದು ಗುಂಯ್‌ಗಾಟದ್ದು. ಡೆಕ್ಕು ಒಂದು ಗೋಡೆಯ ಸಾಕೆಟ್ಟಿನಲ್ಲಿ, ಕಂಪ್ಯೂಟರು ಇನ್ನೊಂದರಲ್ಲಿ ಇದ್ದಾಗ, ಭೂಸಂಪರ್ಕದ ತಂತಿಗಳೂ ಧ್ವನಿಯ ತಂತಿಯ ಕವಚವೂ ಸೇರಿ ಒಂದು ಕುಣಿಕೆಯಾಗಿ 50 ಹರ್ಟ್ಸ್‌ನ ಗುಂಯ್‌ಗಾಟ ಸೇರಿಕೊಳ್ಳಬಹುದು. ಬ್ಯಾಲೆನ್ಸ್ಡ್ ಅಲ್ಲದ ಆರ್‌ಸಿಎ ತಂತಿಗಳಲ್ಲಿ ಇದು ಹೆಚ್ಚು. ಎಲ್ಲ ಯಂತ್ರಗಳನ್ನೂ ಒಂದೇ ಹಲಗೆಯ ಸಾಕೆಟ್ಟುಗಳಿಗೆ ಸಿಕ್ಕಿಸಿದಾಗ ನಮ್ಮಲ್ಲಿ ಅದು ನಿಂತಿತು. ನಿಲ್ಲದಿದ್ದರೆ ನಡುವೆ ಹಾಕುವ ಸಣ್ಣ ಟ್ರಾನ್ಸ್‌ಫಾರ್ಮರುಗಳು ಸಿಗುತ್ತವೆ. ಭೂಸಂಪರ್ಕದ ಕಡ್ಡಿಯನ್ನು ಮುರಿದು ಗುಂಯ್‌ಗಾಟ ನಿಲ್ಲಿಸುವ ಜಾಣತನವನ್ನು ಮಾತ್ರ ಯಾರೂ ಮಾಡಬಾರದು. ಅದು ಪ್ರಾಣಕ್ಕೆ ಸಂಚಕಾರ.

ಎರಡನೆಯದು ಕೇಳುವ ಮಟ್ಟದ್ದು. ಸ್ಪೀಕರಿನ ಗುಂಡಿಯನ್ನು ದಿನಕ್ಕೊಂದು ಕಡೆ ತಿರುಗಿಸುತ್ತಿದ್ದರೆ, ಹಾಡು ಮೆತ್ತಗಿದೆಯೋ ನಮ್ಮ ಗುಂಡಿ ಕೆಳಗಿದೆಯೋ ಹೇಳಲಾಗದು. ಕುಣಿಯಲಾರದವಳು ನೆಲ ಡೊಂಕೆಂದಂತೆ ಹಾಡಿದವರನ್ನು ದೂರುವ ಸರದಿ ಬರುತ್ತದೆ. −20ರ ಮಟ್ಟದ ಶಬ್ದವೊಂದನ್ನು ನುಡಿಸಿ, ಕಿವಿಗೆ ಹಿತವಾದ ಒಂದು ಮಟ್ಟದಲ್ಲಿ ಗುಂಡಿಯನ್ನು ನಿಲ್ಲಿಸಿ, ಅಲ್ಲಿಯೂ ಒಂದು ಚುಕ್ಕೆ ಇಟ್ಟೆವು. ಸ್ಪೀಕರುಗಳ ಬೆನ್ನಿನಲ್ಲಿ +4, −10 ಎಂಬ ಕೀಲಿಯಿದ್ದರೆ ಎರಡೂ ಒಂದೇ ಕಡೆಗಿವೆಯೇ ಎಂದು ನೋಡಬೇಕು.

ಹೀಗೆ ಅಳತೆ ಗೊತ್ತಾದ ಮೇಲೆಯೂ ನಾನು ನೇರವಾಗಿ ಆರನೆಯ ಕ್ಯಾಸೆಟ್ಟಿಗೆ ಹೋಗಲಿಲ್ಲ. ಗಾಲಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಸಂತೆಯಲ್ಲಿ ಕೊಂಡ ಹಳೆಯ ಸಿನಿಮಾ ಹಾಡಿನ ಕ್ಯಾಸೆಟ್ಟೊಂದನ್ನು ಪೂರ್ತಿ ಓಡಿಸಿ ನೋಡಿದೆ. ಹೋದರೆ ಹೋಗಲಿ ಎನ್ನುವ ಟೇಪು ಸುಖವಾಗಿ ಬಂದ ಮೇಲೆಯೇ, ಹೋದರೆ ಬಾರದ ಟೇಪನ್ನು ಹಾಕುವುದು ಎಂಬ ನಿಯಮ ಅಂದಿನಿಂದ ನಮ್ಮಲ್ಲಿದೆ. ತುಂಡಾದ ಭಾಗವನ್ನು ಕತ್ತರಿಸಿ ಉಳಿದುದನ್ನು ಜೋಡಿಸಿ ಇಳಿಸಿದೆ. 24 ಬಿಟ್, 96,000 ಹರ್ಟ್ಸ್. ಅತಿ ಎತ್ತರದ ದನಿ −11. ಗುಂಡಿಗಳನ್ನು ಮುಟ್ಟಲಿಲ್ಲ.

ಗೆಳತಿ ತನ್ನ ತಾಯಿಯನ್ನು ಕರೆದುಕೊಂಡು ಬಂದಳು. ತಾಯಿ ಹೊಲದ ಕೆಲಸ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬಂದಿದ್ದರು. ಇರುವುದನ್ನೆಲ್ಲ ಕೇಳಿಸಬೇಕೆಂದು ಅವರು ಹೇಳಿದ್ದರಿಂದ ಕೆಟ್ಟುಹೋದ ಮೊದಲ ಹಾಡನ್ನೇ ಮೊದಲು ಹಾಕಿದೆ. ಅವರು ಸ್ವಲ್ಪ ಹೊತ್ತು ಕೇಳಿ, “ನಮ್ಮವ್ವ ಹಿಂಗೆ ಅರಚುತಿರಲಿಲ್ಲ” ಎಂದರು. ನಾನು ತಲೆ ತಗ್ಗಿಸಿ ಎರಡನೆಯ ಹಾಡು ಹಾಕಿದೆ. ಹಾಡು ಮೊದಲಾಗುವ ಮುನ್ನ ಬೀಸುವ ಕಲ್ಲಿನ ಗುರ್ ಗುರ್ ಎಂಬ ತಿರುಗಾಟ ಕೇಳಿಸಿತು. ಅದರ ಮೇಲೆ ಮೆಲ್ಲನೆ ದನಿ ಎದ್ದಿತು. ಆ ತಾಯಿ ಮಾತನಾಡಲಿಲ್ಲ. ಅವರ ಬಲಗೈ ಮಾತ್ರ ಮೇಜಿನ ಮೇಲೆ ಸಣ್ಣಗೆ ಸುತ್ತುತ್ತಿತ್ತು, ಗೂಟ ಹಿಡಿದು ಬೀಸುವವರಂತೆ.

ಮೊದಲ ಹಾಡು ಇನ್ನು ಎಂದೆಂದಿಗೂ ಹರಿದ ದನಿಯಲ್ಲಿಯೇ ಇರುತ್ತದೆ. ಅದನ್ನು ಸರಿಮಾಡುವ ಶಕ್ತಿ ನನಗಿಲ್ಲ. ಮುಂದೆ ಬರುವ ತಮ್ಮ ತಂಗಿಯರಿಗೆ ಅಂಥದು ಆಗದಿರಲೆಂದು ಒಂದು ನೋಟುಪುಸ್ತಕವನ್ನು ಬೀರುವಿನಲ್ಲಿ ಇಟ್ಟಿದ್ದೇನೆ. ಯಾವ ತಂತಿ ಯಾವ ತೂತಿಗೆ, ಗುಂಡಿಯ ಚುಕ್ಕೆ ಎಲ್ಲಿ, ಅಳೆದ ವೋಲ್ಟೇಜು ಎಷ್ಟು, ಅಳೆದ ದಿನ ಯಾವುದು, ಎಲ್ಲವೂ ಅದರಲ್ಲಿದೆ. ಇಳಿಸಿದ ದಿನದ ಪ್ರತಿ ಧ್ವನಿಕಡತಕ್ಕೂ ಜೊತೆಯಾಗಿ, −20ರ ಸ್ವರದ ಅರ್ಧ ನಿಮಿಷದ ಮುದ್ರಣವೊಂದನ್ನು ಇಟ್ಟಿದ್ದೇವೆ. ಅದು ನಮ್ಮ ಸೇರು. ಅದರ ಮೊದಲ ಪುಟದಲ್ಲಿ ಬರೆದಿರುವುದು ಇಷ್ಟು: “ಸೊನ್ನೆ ಎಂದರೆ ಇಲ್ಲಿ 4.9 ವೋಲ್ಟ್. ನಂಬಬೇಡಿ; ಅಳೆದು ನೋಡಿ.”

ಬೀರುವಿನಲ್ಲಿ ಇನ್ನೂ ಐದು ಕ್ಯಾಸೆಟ್ಟುಗಳು ಉಳಿದಿವೆ.